ಬೆಂಕಿಬೆಟ್ಟದ ಹಿಮ ತುಪ್ಪದ ಹದಕ್ಕೆ ಬಂದದ್ದು

ಭಗವಂತ ಲೋಕವನ್ನು ಆಗ ತಾನೆ ಮಾಡಿ ಮುಗಿಸಿದ್ದ. ಕೈಗೆ ಮೆತ್ತಿದ ಮಣ್ಣನ್ನು ಇನ್ನೂ ತೊಳೆದುಕೊಂಡಿರಲಿಲ್ಲ. ಆ ಕಾಲದ ಮಾತು ಇದು.

ಬಡಗಣ ದಿಕ್ಕಿನಲ್ಲಿ ಒಂದು ಬೆಂಕಿಬೆಟ್ಟ ಇತ್ತು. ಹೊಟ್ಟೆಯೊಳಗೆ ಬೆಂಕಿ, ತಲೆಯ ಮೇಲೆ ಹಿಮ. ಅಲ್ಲಿನ ಜನ ಬೆಟ್ಟವನ್ನು ಬೆಟ್ಟಪ್ಪ ಅನ್ನುತ್ತಿದ್ದರು, ಹಿಮವನ್ನು ಹಿಮವ್ವ, ಸೂರ್ಯನನ್ನು ಸೂರಪ್ಪ ಅನ್ನುತ್ತಿದ್ದರು.

ಚಳಿಗಾಲದಲ್ಲಿ ಹಿಮವ್ವ ಹಿಟ್ಟಿನ ಹಾಗೆ ಹಗುರ. ಜನ ಕಾಲಿಗೆ ಉದ್ದನೆಯ ಜಾರುಹಲಗೆ ಕಟ್ಟಿಕೊಂಡು, ಅವಳ ಮೇಲೆ ಜಾರುತ್ತಾ ಊರಿಂದೂರಿಗೆ ಹೋಗಿಬರುತ್ತಿದ್ದರು. ಬೇಸಿಗೆ ಬಂತೆಂದರೆ ಹಿಮವ್ವ ಕಲ್ಲಾಗಿಬಿಡುವಳು. ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಕಲ್ಲು, ಸಂಜೆಯೂ ಕಲ್ಲು. ಆಗ ಹಲಗೆಗಳೆಲ್ಲ ಅಟ್ಟ ಸೇರುತ್ತಿದ್ದವು.

ಬೆಟ್ಟದ ಬುಡದ ಊರಿನಲ್ಲಿ ದ್ಯಾವಕ್ಕ ಎಂಬ ಸೂಲಗಿತ್ತಿ ಇದ್ದಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಹೆರಿಗೆ ಮಾಡಿಸುವಾಗ ಅವಳದು ಒಂದೇ ಮಾತು: "ತಡಿ ಮಗಳೇ, ಇನ್ನೂ ಹೊತ್ತಾಗಿಲ್ಲ. ಹೊತ್ತಾದಾಗ ನಾನೇ ಹೇಳ್ತೀನಿ." ಆ ಮಾತು ಕೇಳಿದರೆ ನೋವು ತಿನ್ನುತ್ತಿದ್ದವರಿಗೂ ಜೀವ ಬಂದ ಹಾಗಾಗುತ್ತಿತ್ತು.

ದ್ಯಾವಕ್ಕನ ಒಬ್ಬಳೇ ಮಗಳು ಚೆನ್ನಾಜಿಯನ್ನು ಬೆಟ್ಟದ ಆಚೆ ಮಗ್ಗುಲ ಊರಿಗೆ ಕೊಟ್ಟಿದ್ದರು. ಒಂದು ಬೇಸಿಗೆಯ ಸಂಜೆ ಕವಲುಬಾಲದ ಹಕ್ಕಿಯೊಂದು ಏದುಸಿರು ಬಿಡುತ್ತಾ ಬಂದು ಜಗಲಿಯ ಮೇಲೆ ಕೂತಿತು.

"ದ್ಯಾವಕ್ಕಾ, ನಿನ್ನ ಮಗಳಿಗೆ ನೋವು ಶುರುವಾಗಿದೆ. ಕೂಸು ಅಡ್ಡ ಮಲಗಿದೆಯಂತೆ. ಅಲ್ಲಿನವರಿಗೆ ಕೈಕಾಲೇ ಆಡ್ತಿಲ್ಲ. ನಾಳೆ ಸಂಜೆಯೊಳಗೆ ನೀನು ಬಂದರೆ ಸರಿ, ಇಲ್ಲದಿದ್ದರೆ ತಾಯಿ ಮಗು ಇಬ್ಬರೂ ಉಳಿಯೋಲ್ಲ."

ಬೆಟ್ಟ ಬಳಸಿಕೊಂಡು ಹೋದರೆ ಮೂರು ದಿನದ ದಾರಿ. ಬೆಟ್ಟ ಹತ್ತಿ ಇಳಿದರೆ ಒಂದೇ ದಿನ. ದ್ಯಾವಕ್ಕ ಅಟ್ಟದಿಂದ ಹಲಗೆ ಇಳಿಸಿದಳು.

ಗಂಡ ಜವರಣ್ಣ ಬಾಯಿ ಬಿಟ್ಟುಕೊಂಡು ನೋಡಿದ. "ಬೇಸಿಗೇಲಿ ಹಲಗೆ ಕಟ್ಕೊಂಡು ಹೋಗೋರನ್ನ ಈ ಲೋಕದಲ್ಲಿ ನಾನು ಕಂಡೇ ಇಲ್ಲ ಕಣೇ ದ್ಯಾವಿ!"

"ಲೋಕ ಹುಟ್ಟಿ ಎಷ್ಟು ದಿನ ಆಯ್ತು ಅಂತೀರಿ? ನೀವು ಕಂಡಿರೋದು ತಾನೆ ಎಷ್ಟು?" ಅಂದಳು ದ್ಯಾವಕ್ಕ.

ಹೊರಡುವ ಹೊತ್ತಿಗೆ ಜವರಣ್ಣ, ಹಿಮದಲ್ಲಿ ಜಾರದಂತೆ ಮುಳ್ಳು ಹೊಡೆದ ಕೆರಗಳನ್ನು ತಂದು ಅವಳ ಕಾಲಿಗೆ ತಾನೇ ಕಟ್ಟಿದ. ಬಾಣಂತಿಗೆಂದು ತುಪ್ಪದ ಗಡಿಗೆಯನ್ನು ಮಡಿಲಿಗೆ ಇಟ್ಟ. ಕಣ್ಣೊರೆಸಿಕೊಂಡದ್ದನ್ನು ಅವಳು ನೋಡದ ಹಾಗೆ ಆಚೆ ತಿರುಗಿದ.

ಒಳ್ಳೆಯ ಕೆಲಸಕ್ಕೆ ಹೊತ್ತು ಹುಟ್ಟುವ ಮೊದಲೇ ಹೊರಡಬೇಕು ಎನ್ನುವುದು ಆ ಮನೆಯ ನೇಮ. ಬೆಳ್ಳಿ ಮೂಡುವಾಗ ದ್ಯಾವಕ್ಕ ದೇವರಿಗೆ ದೀಪ ಹಚ್ಚಿ, ಕೈಮುಗಿದು ಹೊರಟಳು. ಬೆನ್ನ ಮೇಲೆ ಹಲಗೆ, ಕೈಯಲ್ಲಿ ಮೊನೆಗೋಲು. ಒಂದು ಹೆಜ್ಜೆ, ಒಂದು ಶಿವನಾಮ. ಒಂದು ಹೆಜ್ಜೆ, ಒಂದು ಶಿವನಾಮ. ಬಿಸಿಲು ಇನ್ನೂ ಎಳೆಯದಾಗಿರುವಾಗಲೇ ತುದಿ ಮುಟ್ಟಿಬಿಟ್ಟಳು.

ಆಚೆ ಕೆಳಗೆ, ಬಲು ದೂರದಲ್ಲಿ, ಮಗಳ ಊರಿನ ಹೊಗೆ ಕಂಡಿತು. ನಡುವೆ ಕಡಿದಾದ ಹಿಮದ ಇಳಿಜಾರು. ಅಲ್ಲಲ್ಲಿ ಬಾಯಿಬಿಟ್ಟ ನೀಲಿ ಬಿರುಕುಗಳು.

ದ್ಯಾವಕ್ಕ ಹಲಗೆ ಕಟ್ಟಿಕೊಂಡು ಇಳಿದಳು. ಹಲಗೆ ಕರ್ರೆಂದಿತು, ಕಚ್ಚಲಿಲ್ಲ. ಸರ್ರನೆ ಬಿದ್ದು, ಬಿರುಕಿನ ಕಡೆಗೇ ಜಾರಿದಳು. ಮೊನೆಗೋಲು ಒಂದು ಕರಿಬಂಡೆಗೆ ಸಿಕ್ಕಿಕೊಂಡದ್ದರಿಂದ ಪ್ರಾಣ ಉಳಿಯಿತು. ಗಡಿಗೆಯೂ ಉಳಿಯಿತು.

"ಏನೇ ಹಿಮವ್ವ, ನಿಂಗೆ ಕರುಳು ಅನ್ನೋದು ಇಲ್ವಾ? ನನ್ನ ಮಗಳು ಅಲ್ಲಿ ಸಾಯ್ತಿದ್ದಾಳೆ, ನೀನಿಲ್ಲಿ ಬಂಡೆ ಹಂಗೆ ಬಿದ್ದಿದ್ದೀಯಲ್ಲ!"

"ಬೈಬೇಡ ಕಣಮ್ಮ," ಎಂದಳು ಹಿಮವ್ವ ಸಣ್ಣ ದನಿಯಲ್ಲಿ. "ಮೇಲೆ ಸೂರಪ್ಪ ಬಾಯಿ ತೆರ್ಕೊಂಡು ನಿಂತಿದ್ದಾನೆ. ಕೆಳಗೆ ಬೆಟ್ಟಪ್ಪನ ಹೊಟ್ಟೇಲಿ ಬೆಂಕಿ. ಒಂಚೂರು ಮೈ ಸಡಿಲ ಬಿಟ್ರೆ ನೀರಾಗಿ ಹರಿದು ಕಡಲು ಸೇರಿಹೋಗ್ತೀನಿ. ಹಲ್ಲು ಕಚ್ಚಿ ಹಿಡಿದಿರೋದಕ್ಕೇ ಇನ್ನೂ ಇದ್ದೀನಿ."

ದ್ಯಾವಕ್ಕನ ಸಿಟ್ಟು ಅಲ್ಲೇ ಇಳಿಯಿತು. ಚೊಚ್ಚಲ ಬಸುರಿಯರು ಹೆದರಿಕೆಯಲ್ಲಿ ಮೈ ಬಿಗಿಹಿಡಿಯುವುದನ್ನು ಅವಳು ಎಷ್ಟು ಕಂಡಿದ್ದಳೋ! ಹಾಗೆ ಬಿಗಿಹಿಡಿದವರನ್ನು ಹೆದರಿಸಿದರೆ ಆಗದು. ಅವಳು ಹಿಮವ್ವನ ಮೇಲೆ ಅಂಗೈ ಇಟ್ಟಳು, ಹೊಟ್ಟೆಯ ಮೇಲೆ ಇಡುವ ಹಾಗೆಯೇ.

"ಭಯಕ್ಕೆ ಬಿಗಿಯಾಗಿದ್ದೀಯ ತಾಯಿ. ಇಲ್ಲಿ ನೋಡು," ಎಂದು ತುಪ್ಪದ ಗಡಿಗೆ ತೆಗೆದಳು. ಚಳಿಗೆ ತುಪ್ಪವೂ ಕಲ್ಲಾಗಿತ್ತು. ಬೆರಳಿಟ್ಟರೆ ಉಗುರು ಮುರಿಯಬೇಕು. ಅದನ್ನು ಕರಿಬಂಡೆಯ ಮೇಲೆ, ಬಿಸಿಲಿಗೆ ಇಟ್ಟಳು.

ನಿಧಾನವಾಗಿ ತುಪ್ಪ ಸಡಿಲಾಯಿತು. ನೀರಾಗಲಿಲ್ಲ. ಮರಳು ಮರಳಾಗಿ, ಬೆರಳಿಗೆ ಒಗ್ಗುವ ಹಾಗೆ ಹದಕ್ಕೆ ಬಂತು. ದ್ಯಾವಕ್ಕ ಒಡನೆಯೇ ಗಡಿಗೆಯನ್ನು ಬಂಡೆಯ ನೆರಳಿಗೆ ಸರಿಸಿದಳು. ಸ್ವಲ್ಪ ಹೊತ್ತಿಗೆ ತುಪ್ಪ ಮತ್ತೆ ಗಟ್ಟಿಯಾಯಿತು.

"ಈಗ ಹೇಳು ಹಿಮವ್ವ, ಗಡಿಗೇಲಿ ತುಪ್ಪ ಕಮ್ಮಿಯಾಯ್ತಾ?"

"ಇಲ್ಲ," ಎಂದಳು ಹಿಮವ್ವ. ಮತ್ತೆ ಕೇಳಿದಳು, "ನಿನ್ನ ತುಪ್ಪವನ್ನ ನೆರಳಿಗೆ ಸರಿಸೋಕೆ ನೀನಿದ್ದೆ. ನನ್ನ ಸರಿಸೋರು ಯಾರು?"

"ನಾನಿದ್ದೀನಲ್ಲ!" ಎಂದು ಗಾಳಿ ಬಂಡೆಯ ಹಿಂದಿನಿಂದ ಎದ್ದು ಬಂತು. "ದಿನಾ ಸಂಜೆ ತಪ್ಪದೆ ಬಂದು ಬೀಸ್ತೀನಿ. ಬೆಳಗಾಗೋದ್ರೊಳಗೆ ನಿನ್ನ ಮೊದಲಿನ ಹಾಗೆ ಗಟ್ಟಿ ಮಾಡ್ತೀನಿ."

ಸೂರಪ್ಪನಿಗೆ ಸಂಕಟವಾಯಿತು. "ನಾನೇನು ರಾಕ್ಷಸನೇನಮ್ಮಾ? ಮೇಲೆ ಮೇಲೆ ಒಂದು ಗೇಣು ಸಡಿಲ ಮಾಡಿ, ನನ್ನ ಪಾಡಿಗೆ ಪಡುವಣಕ್ಕೆ ಹೋಗ್ತೀನಿ. ಯಾವತ್ತಾದ್ರೂ ನನ್ನನ್ನ ಒಂದು ಮಾತು ಕೇಳಿದ್ದೀಯಾ?"

ಆಮೇಲೆ ಆಳದಿಂದ ಬೆಟ್ಟಪ್ಪ ಗುಡುಗುಟ್ಟಿದ. "ನನ್ನ ಕೆಂಡಕ್ಕೆ ನಾನು ಬೂದಿ ಮುಚ್ಚಿ ಇಟ್ಕೋತೀನಿ. ಹಿಮವ್ವ ಹೋದ್ರೆ ನನ್ನ ತಲೆ ತಂಪು ಮಾಡೋರು ಯಾರು?"

ಹಿಮವ್ವ ಉಸಿರು ಬಿಟ್ಟಳು. ಲೋಕ ಹುಟ್ಟಿದ ಮೇಲೆ ಬೇಸಿಗೆಯಲ್ಲಿ ಅವಳು ಬಿಟ್ಟ ಮೊದಲ ಉಸಿರು ಅದು. ಅವಳ ಮೈ ಸಡಿಲಾಗತೊಡಗಿತು.

ದ್ಯಾವಕ್ಕ ಧಡಕ್ಕನೆ ಎದ್ದು ಹಲಗೆ ಬಿಗಿದಳು. ಹಿಮವ್ವ ಅಂದಳು, "ತಡಿ ಮಗಳೇ, ಇನ್ನೂ ಹೊತ್ತಾಗಿಲ್ಲ. ಹೊತ್ತಾದಾಗ ನಾನೇ ಹೇಳ್ತೀನಿ."

"ಅಯ್ಯೋ, ಅದು ನನ್ನ ಮಾತು!"

"ಗೊತ್ತು. ಚಳಿಗಾಲವೆಲ್ಲ ನಿಮ್ಮ ಸೂರಿನ ಮೇಲೇ ಕೂತಿರ್ತೀನಲ್ಲ. ಎಷ್ಟು ಸಲ ಕೇಳಿದ್ದೀನೋ."

ಆ ಆತಂಕದಲ್ಲೂ ದ್ಯಾವಕ್ಕನಿಗೆ ನಗು ಬಂತು. ಕೂತಳು. ಬೇರೆಯವರನ್ನು ಕಾಯಿಸಿದ್ದ ಹೆಂಗಸಿಗೆ ತಾನು ಕಾಯುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಕೆಳಗಿನ ಹೊಗೆ ನೋಡುವಳು, ಶಿವನಾಮ ಹೇಳುವಳು, ಹಿಮದ ಮೇಲೆ ಅಂಗೈ ಇಡುವಳು. ಬಿಸಿಲು ನೆತ್ತಿಯ ಕಡೆ ಏರಿತು. ಅಂಗೈಯಡಿಯಲ್ಲಿ ಹಿಮ ಮರಳು ಮರಳಾಯಿತು, ತುಪ್ಪದ ಹಾಗೆ.

"ಈಗ," ಎಂದಳು ಹಿಮವ್ವ.

ದ್ಯಾವಕ್ಕ ಇಳಿದಳು. ಹಲಗೆ ಮೆತ್ತಗೆ ಕಚ್ಚಿತು. ಎಡಕ್ಕೆ ಒಂದು ವಾಲು, ಬಲಕ್ಕೆ ಒಂದು ವಾಲು. ಬಿರುಕುಗಳೆಲ್ಲ ಪಕ್ಕದಲ್ಲಿ ಸರಿದುಹೋದವು. ಅವಳ ಹಿಂದೆ ಹಿಮದ ಮೇಲೆ ಉದ್ದಕ್ಕೂ ಬಳ್ಳಿಯಂತೆ ಗೆರೆ ಬಿತ್ತು. ಹೊತ್ತು ವಾಲುವಷ್ಟರಲ್ಲಿ ಅವಳು ಮಗಳ ಬಾಗಿಲಲ್ಲಿದ್ದಳು.

"ಅವ್ವಾ, ಬಂದ್ಯಾ..." ಎಂದಳು ಚೆನ್ನಾಜಿ.

"ಬಂದೆ ಮಗಳೇ. ಇನ್ನು ಹೆದರಬೇಡ." ದ್ಯಾವಕ್ಕ ಕೈ ಬೆಚ್ಚಗೆ ಮಾಡಿಕೊಂಡು, ತುಪ್ಪ ಸವರಿ, ಅಡ್ಡ ಮಲಗಿದ್ದ ಕೂಸನ್ನು ಮೆಲ್ಲಗೆ ತಿರುಗಿಸಿದಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಅದರ ಅಳು ಬೆಟ್ಟದ ತುದಿಯವರೆಗೂ ಕೇಳಿತು. ಬೆಟ್ಟಪ್ಪ ತಡೆದಿಟ್ಟಿದ್ದ ಉಸಿರನ್ನು ಒಂದು ಬಿಳಿ ಹಬೆಯಾಗಿ ಬಿಟ್ಟ.

ದ್ಯಾವಕ್ಕ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದಳು. ಗಾಳಿ ಮಾತು ಉಳಿಸಿಕೊಂಡು ಬೀಸುತ್ತಿತ್ತು. ಹಿಮವ್ವ ಎಲ್ಲಿಯೂ ಹೋಗಿರಲಿಲ್ಲ. ಬೆಳ್ಳಗೆ, ನಿರಾಳವಾಗಿ, ಅಲ್ಲೇ ಇದ್ದಳು. "ನೀನೂ ಗೆದ್ದೆಯಲ್ಲ ತಾಯಿ," ಎಂದು ದ್ಯಾವಕ್ಕ ಅವಳಿಗೂ ಕೈಮುಗಿದಳು.

ಅದಕ್ಕೇ ಮಗು, ಬೇಸಿಗೆಯಲ್ಲಿ ಬೆಂಕಿಬೆಟ್ಟದ ಹಿಮ ಇವತ್ತಿಗೂ ಬೆಳಿಗ್ಗೆ ಕಲ್ಲಾಗಿದ್ದು, ಬಿಸಿಲೇರಿದ ಮೇಲೆ ನಮ್ಮ ಗಡಿಗೆಯ ತುಪ್ಪದ ಹಾಗೆ ಮರಳು ಮರಳಾಗುತ್ತದೆ. ಹಲಗೆ ಕಟ್ಟಿಕೊಂಡು ಹತ್ತಿದವರೂ ತುದಿಯಲ್ಲಿ ಸುಮ್ಮನೆ ಕೂತು, ಹಿಮದ ಮೇಲೆ ಅಂಗೈ ಇಟ್ಟು, ಹೊತ್ತಾಗಲಿ ಎಂದು ಕಾಯುತ್ತಾರೆ.