ಆಮೆಯ ಬೆನ್ನಿನ ಮೇಲೆ ವಿಷದ ಪಂದ್ಯ

"ಕೆರೆಗೆ ದಾರಿ ಯಾವುದಪ್ಪಾ?" ಎಂದು ಆಮೆ ತಿರುಗವ್ವ ಕೇಳಿದಳು.

ದಾರಿ ಕೇಳುವವರು ನಿಂತು ಕೇಳುವುದು ವಾಡಿಕೆ. ಇವಳು ಅಂಗಾತ ಬಿದ್ದು, ನಾಲ್ಕೂ ಕಾಲುಗಳನ್ನು ಆಕಾಶದಲ್ಲಿ ಆಡಿಸುತ್ತಾ ಕೇಳುತ್ತಿದ್ದಳು.

ಮಕ್ಕಳೇ, ತಿರುಗವ್ವ ಮೂರು ಕಾಡು, ಏಳು ಕೆರೆ, ಒಂದು ರೈಲು ಹಳಿ ದಾಟಿ ಬಂದವಳು. ಒಂದು ಕಡೆ ಹತ್ತು ದಿನ ನಿಂತರೆ ಅವಳ ಕಾಲು ತುರಿಸುತ್ತಿತ್ತು. ಈ ಕುರುಚಲು ಕಾಡಿನಲ್ಲಿ ಮಾತ್ರ ದಾರಿ ತಪ್ಪಿ, ದಿಬ್ಬದಿಂದ ಉರುಳಿ, ಬೆಳಗಿನಿಂದ ಬಿಸಿಲಿನಲ್ಲಿ ಬೇಯುತ್ತಿದ್ದಳು. ಇನ್ನು ಸ್ವಲ್ಪ ಹೊತ್ತು ಹಾಗೇ ಇದ್ದಿದ್ದರೆ ಅವಳ ತಿರುಗಾಟ ಅಲ್ಲಿಗೇ ಮುಗಿಯುತ್ತಿತ್ತು.

"ದಾರಿ ಆಮೇಲೆ ಹೇಳುತ್ತೇನೆ ಅಕ್ಕ, ಮೊದಲು ನಿನ್ನನ್ನು ಮಗುಚೋಣ" ಎಂದ ಪೊದೆಯಿಂದ ಬಂದ ನೆಲಗಪ್ಪೆ ಗೊಟರಣ್ಣ. ಅವನ ಮೈತುಂಬಾ ಗಂಟು, ಕಣ್ಣಿನ ಹಿಂದೆ ಎರಡು ವಿಷದ ಗುಳ್ಳೆ. ಅವನು ಹಿಂಗಾಲುಗಳಿಂದ ಅವಳ ಒಂದು ಪಕ್ಕದ ಮಣ್ಣು ಕೆದರತೊಡಗಿದ. ಕೆದರಿದ, ಕೆದರಿದ, ಕಾಲು ಕೆಂಪಾಗುವವರೆಗೂ ಕೆದರಿದ. ಗುಂಡಿ ಆಳವಾಯಿತು, ಆಮೆ ವಾಲಿದಳು, ದಬಕ್ಕನೆ ನೆಟ್ಟಗಾದಳು.

"ನಿನ್ನ ಋಣ ನನ್ನ ಮೇಲಿದೆ ತಮ್ಮ" ಎಂದಳು ಮಣ್ಣು ಉಗುಳುತ್ತಾ.

"ಬೇಗ ತೀರಿಸು ಹಾಗಾದರೆ. ನಾಳೆ ನಾನು ಇರುತ್ತೇನೋ ಇಲ್ಲವೋ!"

ಅವನ ಕಷ್ಟ ಹೀಗಿತ್ತು. ಹತ್ತಿರದ ಹುತ್ತದಲ್ಲಿ ನಾಲ್ವರು ವಾಸವಾಗಿದ್ದರು: ನಾಗರಹಾವು ಹೆಡೆರಾಯ, ಕೊಳಕುಮಂಡಲ ಮಂಡಲಯ್ಯ, ಚೇಳು ಕೊಂಡಿಯಕ್ಕ ಮತ್ತು ಗೊಟರಣ್ಣ. ಹುತ್ತದೊಳಗಿನವರನ್ನು ಯಾರೂ ತಿನ್ನಬಾರದು ಎಂಬುದು ಅಲ್ಲಿಯ ಕಟ್ಟಳೆ. ಬಾಗಿಲು ಒಂದೇ, ಒಳಗೆ ಬಿಲ ನಾಲ್ಕು. ಈ ಬೇಸಿಗೆಯಲ್ಲಿ ಒಂದು ಬಿಲ ಕುಸಿದು ಮೂರೇ ಉಳಿದವು. ಅದೇ ವಾರ ಕಾಡಿಗೆ ಮುಂಗುಸಿಯೊಂದು ಬಂತು.

"ಯಾರ ವಿಷಕ್ಕೆ ಬಲ ಹೆಚ್ಚು ಅಂತ ಇವತ್ತು ಪಂದ್ಯ ಇಟ್ಟಿದ್ದಾರೆ ಅಕ್ಕ. ಗೆದ್ದವರಿಗೆ ಆಳದ ಬಿಲ. ಕೊನೆಗೆ ಬಂದವರು ಹೊರಗೆ."

ಅಷ್ಟರಲ್ಲಿ ಮೂವರೂ ಬಂದರು. ಹೆಡೆರಾಯ ಆಮೆಯನ್ನು ಸುತ್ತು ಹಾಕಿ ನೋಡಿದ.

"ಆಹಾ, ಎಷ್ಟು ಕುಟುಕಿದರೂ ತೂತಾಗದ ಬೆನ್ನು! ನಾವು ನಾವೇ ಕಚ್ಚಿಕೊಂಡರೆ ಸಾಯುತ್ತೇವೆ. ಈ ಬೆನ್ನಿನ ಮೇಲೇ ಪಂದ್ಯ ಆಗಲಿ. ಚಿಪ್ಪಿನ ಮೇಲೆ ಮನೆ ಮನೆ ಗೆರೆ ಇದೆ ನೋಡಿ. ಯಾರ ವಿಷ ಎಷ್ಟು ಮನೆ ತೋಯಿಸುತ್ತದೋ ಅಷ್ಟು ಅವರ ಬಲ. ನೀನೇ ತೀರ್ಪುಗಾರ್ತಿ, ಆಮೆಯಮ್ಮ."

"ನಾನು ಹೋದ ಕಾಡಿನಲ್ಲೆಲ್ಲ ಇಂಥ ಪಟ್ಟಿ ನೋಡಿದ್ದೇನೆ" ಎಂದಳು ತಿರುಗವ್ವ. "ಪಟ್ಟಿ ಮಾಡೋಣ ಅಂದವರ ಹೆಸರೇ ಎಲ್ಲ ಕಡೆಯೂ ಮೇಲಿರುತ್ತಿತ್ತು."

ಆದರೂ ಒಪ್ಪಿದಳು. ತೀರ್ಪು ತನ್ನ ಕೈಯಲ್ಲಿದ್ದರೆ ಗೊಟರಣ್ಣನಿಗೆ ಏನಾದರೂ ಸಹಾಯವಾದೀತು ಎಂದುಕೊಂಡಳು. ಕತ್ತನ್ನು ಒಳಗೆಳೆದು, ಕಣ್ಣಷ್ಟೇ ಹೊರಗಿಟ್ಟು ಕೂತಳು. ಒಂದು ಹಲ್ಲು ಗುರಿ ತಪ್ಪಿ ಕತ್ತಿಗೆ ತಗುಲಿದರೆ ಅವಳ ಕತೆ ಮುಗಿದಂತೆ.

ಹೆಡೆರಾಯ ಹೊಡೆದ. ಐದು ಮನೆ ತೋಯ್ದವು. ಮಂಡಲಯ್ಯ ಬುಸ್ಸೆಂದು ಹೊಡೆದ. ಅವನಿಗೂ ಐದು. ಕೊಂಡಿಯಕ್ಕ ಓಡಿ ಬಂದು ಚುಚ್ಚಿದಳು. ಒಂದೇ ಮನೆ.

"ನನ್ನ ಗಾತ್ರ ನೋಡಿ ಲೆಕ್ಕ ಹಾಕಿ! ನಾನೇನು ಮಾರುದ್ದ ಇದ್ದೀನಾ?" ಎಂದು ಕೊಂಡಿಯಕ್ಕ ಕೂಗಾಡಿದಳು.

ಗೊಟರಣ್ಣ ಹತ್ತಿ ಕೂತ. ಏನೂ ಆಗಲಿಲ್ಲ.

"ಎಲ್ಲಯ್ಯಾ ನಿನ್ನ ವಿಷ?" ಎಂದ ಹೆಡೆರಾಯ.

"ಯಾರಾದರೂ ನನ್ನನ್ನು ಕಚ್ಚಿದರೆ ಮಾತ್ರ ಬರುತ್ತೆ" ಎಂದ ಗೊಟರಣ್ಣ ಮೆಲ್ಲಗೆ.

"ಕಚ್ಚಿಸಿಕೊಂಡು ಗೆಲ್ಲುವ ವೀರ!" ಎಂದು ಮಂಡಲಯ್ಯ ಹೊರಳಾಡಿ ನಕ್ಕ. "ಹೇಳಮ್ಮ ತೀರ್ಪು!"

ಅವನು ಕೂತ ಜಾಗ ಒಣಗಿಯೇ ಇತ್ತು. ಸುಳ್ಳು ಹೇಳುವ ಹಾಗಿರಲಿಲ್ಲ. "ಸೊನ್ನೆ" ಎಂದಳು ತಿರುಗವ್ವ. ಜೀವ ಉಳಿಸಿದವನನ್ನು ತನ್ನ ಬಾಯಿಂದಲೇ ಮುಂಗುಸಿಯ ಬಾಯಿಗೆ ತಳ್ಳಿದಂತಾಯಿತಲ್ಲ ಎಂದುಕೊಂಡಳು.

ಹಾವುಗಳಿಬ್ಬರದೂ ಸಮ ಆಗಿತ್ತಲ್ಲ, ಮತ್ತೆ ಹೊಡೆದರು. ನಾಲ್ಕು, ನಾಲ್ಕು. ಮತ್ತೆ ಹೊಡೆದರು. ಎರಡು, ಎರಡು. ಕೊಂಡಿಯಕ್ಕನೂ ಬಿಡದೆ ನಡುನಡುವೆ ಚುಚ್ಚುತ್ತಲೇ ಇದ್ದಳು. ವಿಷ ಬೆನ್ನಿನಿಂದ ಇಳಿದು ಚಿಪ್ಪಿನ ಅಂಚಿನಲ್ಲಿ ಹನಿಯಾಗಿ ನಿಂತಿತು.

"ಸಾಕು ಮಾಡಿ. ಕಾಡಿಗೆ ಮುಂಗುಸಿ ಬಂದಿದೆ ಅಂತ ಗೊಟರಣ್ಣ ಹೇಳಿದ. ನಾಳೆಗೆ ಸ್ವಲ್ಪ ಇಟ್ಟುಕೊಳ್ಳಿ" ಎಂದಳು ತಿರುಗವ್ವ.

"ಮೊದಲನೆಯವನು ಯಾರು ಅಂತ ತೀರ್ಮಾನವಾಗದೆ ನನಗೆ ನಿದ್ದೆ ಬರುವುದಿಲ್ಲ" ಎಂದ ಹೆಡೆರಾಯ.

ಕೊನೆಯ ಸುತ್ತಿನಲ್ಲಿ ಅವನದು ಅರ್ಧ ಮನೆ ತೋಯ್ದಿತು. ಮಂಡಲಯ್ಯನ ಹಲ್ಲಿನಿಂದ ಗಾಳಿ ಬಂತು.

"ಗೆದ್ದೆ!" ಎಂದು ಹೆಡೆರಾಯ ಹೆಡೆ ಬಿಚ್ಚಿದ.

ಆಗ ಹುಲ್ಲು ಅಲ್ಲಾಡಿತು. ಗಾಳಿ ಇರಲಿಲ್ಲ.

"ಪಂದ್ಯ ಮುಗಿಯಿತೇ?" ಎಂದಿತು ಒಂದು ತಣ್ಣನೆಯ ದನಿ. ಕೆಂಪು ಕಣ್ಣಿನ ಮುಂಗುಸಿ ಹೊರಬಂತು. "ಮೊದಲ ಸುತ್ತಿನಿಂದ ಕಾಯುತ್ತಿದ್ದೇನೆ. ನಿಮ್ಮಂಥ ಅನುಕೂಲದ ಊಟ ನಾನು ಕಂಡಿರಲಿಲ್ಲ."

ಹೆಡೆರಾಯ ಹಾರಿ ಅದರ ಕಿವಿಗೆ ಕಚ್ಚಿದ. ಮುಂಗುಸಿ ಕಿವಿ ಕೆರೆದುಕೊಂಡಿತು. "ತೇವವೂ ಇಲ್ಲವಲ್ಲ ರಾಯರೇ!"

ಅಷ್ಟೇ. ಮೊದಲನೆಯವನು ಎಲ್ಲರಿಗಿಂತ ಮೊದಲು ಓಡಿದ. ಅವನ ಹಿಂದೆ ಮಂಡಲಯ್ಯ, ಕೊಂಡಿಯಕ್ಕ. ಮೂವರೂ ಹುತ್ತದೊಳಗೆ ನುಗ್ಗಿದರು. ಗೊಟರಣ್ಣ ಬಾಗಿಲಿಗೆ ಕುಪ್ಪಳಿಸಿದಾಗ ಮಂಡಲಯ್ಯನ ಬಾಲ ಅಡ್ಡ ಬಂತು.

"ನಿನ್ನ ಜಾಗ ಹೊರಗೆ! ಪಟ್ಟಿ ಅಂದರೆ ಪಟ್ಟಿ!"

ಮುಂಗುಸಿ ಗೊಟರಣ್ಣನ ಕಡೆ ತಿರುಗಿತು. ತಿರುಗವ್ವನಿಗೂ ಹುತ್ತಕ್ಕೂ ನಡುವೆ ಆರು ಹೆಜ್ಜೆ. ಲೋಕವನ್ನೆಲ್ಲ ನಿಧಾನವಾಗಿ ಸುತ್ತಿದವಳು ಆ ಆರು ಹೆಜ್ಜೆಗಳನ್ನು ಹೇಗೆ ನಡೆದಳೋ, ಅವಳಿಗೇ ಗೊತ್ತಿಲ್ಲ. ಕಪ್ಪೆಯನ್ನು ಬಾಗಿಲೊಳಗೆ ಒತ್ತಿ, ತಾನು ಬಾಗಿಲಿಗೆ ಬಿರಡೆಯಂತೆ ಕೂತು, ತಲೆ ಕಾಲು ಒಳಗೆಳೆದುಕೊಂಡಳು.

ಕತ್ತಲೆಯ ಚಿಪ್ಪಿನೊಳಗೆ ಮುಂಗುಸಿಯ ಉಗುರಿನ ಸದ್ದು ಕೇಳಿತು. ಕರ್, ಕರ್. ಆಮೇಲೆ ಚಿಪ್ಪು ಒಂದು ಕಡೆಯಿಂದ ಮೇಲೇಳತೊಡಗಿತು. ಮಗುಚುತ್ತಿದೆ! ಮತ್ತೆ ಅಂಗಾತ, ಮತ್ತೆ ಆ ಬಿಸಿಲು, ಈ ಸಲ ಹೊಟ್ಟೆಯ ಹತ್ತಿರ ಹಲ್ಲು. ಅವಳು ಉಸಿರು ಹಿಡಿದಳು. ಹಿಡಿತ ಗಟ್ಟಿಯಾಗಲೆಂದು ಮುಂಗುಸಿ ಚಿಪ್ಪಿನ ಅಂಚನ್ನು ಬಾಯಲ್ಲಿ ಕಚ್ಚಿ ಎಳೆಯಿತು. ಒರಟು ಅಂಚು ಅದರ ತುಟಿಯನ್ನು ಸೀಳಿತು.

ಅಂಚಿನಲ್ಲಿ ಏನು ನಿಂತಿತ್ತು, ನಿಮಗೆ ನೆನಪಿದೆಯಲ್ಲ?

"ಅಯ್ಯೋ!" ಚಿಪ್ಪು ಧೊಪ್ಪನೆ ನೆಲಕ್ಕೆ ಬಿತ್ತು. ಮುಂಗುಸಿಯ ತುಟಿ ಬದನೆಕಾಯಿಯಂತೆ ಊದಿತು, ನಾಲಿಗೆ ಹೊರಗೆ ಜೋತುಬಿತ್ತು. ಅದು ಮುಗ್ಗರಿಸುತ್ತಾ ಓಡಿತು. ಮತ್ತೆ ಆ ಕಾಡಿನ ಕಡೆ ತಲೆ ಹಾಕಲಿಲ್ಲ.

ಒಳಗಿನಿಂದ ಜಗಳ ಕೇಳಿತು.

"ಅದು ನನ್ನ ವಿಷ!"

"ನನ್ನ ಐದನೇ ಮನೆಯದು ಕಣೋ ಅದು!"

"ಮೊದಲು ನಿಮ್ಮ ಬಾಲಗಳನ್ನು ನನ್ನ ಮುಖದಿಂದ ತೆಗೀರಿ!" ಇದು ಕೊಂಡಿಯಕ್ಕ. "ಆಮೆಯಮ್ಮ, ಅತ್ತ ಸರಿ. ಉಸಿರು ಕಟ್ಟುತ್ತಿದೆ!"

ತಿರುಗವ್ವ ಸರಿಯಲಿಲ್ಲ. "ಮೂವರೂ ಒಂದೇ ಬಿಲದಲ್ಲಿ ಇದ್ದೀರಾ?"

ಒಳಗೆ ಬಾಲಗಳು ತಡಕಾಡಿದವು.

"ಹೆದರಿಕೆಯಲ್ಲಿ ಗೊತ್ತಾಗಲಿಲ್ಲ" ಎಂದ ಹೆಡೆರಾಯ.

"ಹಾಗಾದರೆ ಎರಡು ಬಿಲ ಖಾಲಿ ಇವೆ. ಆಳದ್ದು ಗೊಟರಣ್ಣನಿಗೆ, ಉಳಿದೆರಡು ನಿಮ್ಮ ಮೂವರಿಗೆ ಅಂತ ಕಟ್ಟಳೆ ಮಾಡಿ, ಸರಿಯುತ್ತೇನೆ. ಇಲ್ಲದಿದ್ದರೆ ಕಚ್ಚಿ ನೋಡಿ. ನಿಮ್ಮಲ್ಲಿ ಎಷ್ಟು ಉಳಿದಿದೆ ಅಂತ ಎಣಿಸಿದವಳು ನಾನೇ."

ಮೊದಲು ಕೊಂಡಿಯಕ್ಕ ಒಪ್ಪಿದಳು, ಆಮೇಲೆ ಮಂಡಲಯ್ಯ, ಎಲ್ಲರಿಗಿಂತ ಕೊನೆಗೆ ಹೆಡೆರಾಯ.

ತಿರುಗವ್ವ ಪಕ್ಕಕ್ಕೆ ಸರಿದು, ವಿಷ ಹೋಗುವಂತೆ ಹುಲ್ಲಿಗೆ ಬೆನ್ನು ಉಜ್ಜಿಕೊಂಡಳು. ಗೊಟರಣ್ಣ ಬಾಗಿಲಲ್ಲಿ ಇಣುಕಿದ.

"ಅಕ್ಕ, ಆ ಒಡಕು ಬಂಡೆಯಿಂದ ಎಡಕ್ಕೆ ಹೋದರೆ ಕೆರೆ. ದಿಬ್ಬದ ಅಂಚಿನಲ್ಲಿ ನಡೀಬೇಡ."

"ಆಗಲಿ ತಮ್ಮ. ನೀನು ಹೋಗಿ ಮಲಗು."

ಅವನು ಆಳದ ಬಿಲಕ್ಕಿಳಿದು "ಗೊಟರ್" ಎನ್ನುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಆ ಸದ್ದು ಕೇಳಿದ ಮೇಲೆ, ಋಣ ತೀರಿತೆಂದು ಒಡಕು ಬಂಡೆಯ ಕಡೆ ಹೆಜ್ಜೆ ಹಾಕಿದಳು.

ನೀತಿ: ಯಾರು ಮೇಲೆಂದು ತೋರಿಸಿಕೊಳ್ಳಲು ಬಲವನ್ನೆಲ್ಲ ಸುರಿದವರಿಗೆ, ಅಪಾಯ ಬಂದ ಗಳಿಗೆಯಲ್ಲಿ ಬರಿಯ ಹೆಡೆ ಮಾತ್ರ ಉಳಿಯುತ್ತದೆ.