ಕತ್ತರಿಸದ ಟೇಪು

ಗಂಟು, ಎಳೆಗಳಂಥ ಬಿಡಿಬಿಡಿ ವಸ್ತುಗಳ ಗಣಿತಕ್ಕೆ ಒಂದು ಸಂಶೋಧನಾ ಕೇಂದ್ರ ಬೇಕೆಂದು ಮುದಿ ಜೇಡ ಕಾಡಿನ ವಿಶ್ವವಿದ್ಯಾಲಯವನ್ನು ವರ್ಷಗಟ್ಟಲೆ ಕೇಳಿಕೊಂಡಿತ್ತು. ಕೊನೆಗೆ ಕುಲಪತಿ ಆನೆ ಒಂದು ಹಾಳು ಮಂಟಪ ಕೊಟ್ಟಿತು. ಜೇಡ ಅಂದೇ ಕೆಲಸಕ್ಕೆ ಇಳಿಯಿತು. ಕಂಬ ಕಂಬಕ್ಕೂ ಗಂಟು ಹಾಕಿ, ಎಲ್ಲ ಗಂಟುಗಳನ್ನೂ ಅತಿ ಕಡಿಮೆ ನೂಲಿನಲ್ಲಿ ಸೇರಿಸುವ ದಾರಿ ಹುಡುಕಿತು. ಮಳೆಗಾಲ ಮುಗಿಯುವ ಹೊತ್ತಿಗೆ ದಾರಿ ಸಿಕ್ಕಿತು.

ಉದ್ಘಾಟನೆಯ ದಿನ ಬಂಧುಬಳಗವನ್ನು ಕರೆತಂದು ನೋಡಿದರೆ ಮಂಟಪ ಥಳಥಳ ಹೊಳೆಯುತ್ತಿತ್ತು. ಬಾಗಿಲಿಗೆ ಅಡ್ಡಲಾಗಿ ಕೆಂಪು ಟೇಪು ಕಟ್ಟಿತ್ತು.

“ಬಾಲ ಬಿದ್ದುಹೋಗುವ ಹಾಗೆ ಗುಡಿಸಿದ್ದೇನೆ, ಅಜ್ಜಿ,” ಎಂದಿತು ಕುಲಸಚಿವ ಅಳಿಲು. “ಅಬ್ಬಬ್ಬಾ, ಅದೇನು ಬಲೆ, ಅದೇನು ಕಸ!”

ಜೇಡ ಬೋಳು ಕಂಬಗಳನ್ನು ಒಂದೊಂದಾಗಿ ನೋಡಿತು. “ಆ ಬಲೆಯೇ ಕಣಪ್ಪಾ ನನ್ನ ಸಂಶೋಧನೆ.”

ಅಳಿಲಿನ ಬಾಲ ಇಳಿದುಹೋಯಿತು. ಆನೆ ಎತ್ತಿದ ಕತ್ತರಿ ಅಲ್ಲೇ ನಿಂತಿತು. “ಮತ್ತೆ ಹೆಣೆಯುತ್ತೀಯಾ, ಜೇಡಮ್ಮ?”

“ಹೆಣೆಯುವಷ್ಟು ಆಯುಸ್ಸಿಲ್ಲ, ಸ್ವಾಮಿ. ಕಲಿಸುವಷ್ಟು ಇದೆ. ಆ ಟೇಪು ಕತ್ತರಿಸಬೇಡಿ, ಮೊದಲ ಎಳೆ ಅದೇ ಆಗಲಿ.”

ಆನೆ ಕತ್ತರಿ ಕೆಳಗಿಟ್ಟಿತು. ಜೇಡ ಟೇಪಿನ ಮೇಲೆ ಹತ್ತಿ ಒಂದು ಗಂಟು ಹಾಕಿ, ಎಳೆಯ ಜೇಡಗಳನ್ನು ಹತ್ತಿರ ಕರೆಯಿತು.

ಈಗಲೂ ಅಲ್ಲಿ ಪಾಠ ಆ ಟೇಪಿನಿಂದಲೇ ಶುರು. ಒಳಗೆ ಹೋಗುವ ಜಿಂಕೆ, ಮೊಲಗಳು ತಲೆ ತಗ್ಗಿಸಿ ಅದರಡಿ ನುಸುಳುತ್ತವೆ. ಕುಲಪತಿಗಳು ಮಾತ್ರ ಅಷ್ಟು ಬಗ್ಗಲಾರದೆ ಬಾಗಿಲಲ್ಲೇ ನಿಂತು, ಗುಡಿಸಲು ಪೊರಕೆ ತಂದವರನ್ನು ವಾಪಸು ಕಳಿಸುತ್ತಾರೆ.