ತವರಿನ ಹೆಪ್ಪು

"ಸ್ವಾಮಿ, ಪಾಪ ಮಾಡಿದವನು ಮೊದಲು ತನ್ನನ್ನು ತಾನು ತಿದ್ದಿಕೊಂಡು, ಆಮೇಲೆ ದೇವರ ಮುಂದೆ ಬರುವುದು ಸರಿಯಲ್ಲವೇ?" ಎಂದು ಅರುಳಪ್ಪ ಕೇಳಿದ.

ಅರುಳಪ್ಪ ಚರ್ಚಿನಲ್ಲಿ ಧರ್ಮ ಬೋಧಿಸುವ ಉಪದೇಶಿಯಾಗಲು ಪಾದ್ರಿ ಇನ್ನಾಸಿ ಸ್ವಾಮಿಗಳ ಬಳಿ ಕಲಿಯುತ್ತಿದ್ದವನು. ಜೊತೆಯಲ್ಲಿ ಕಲಿಯುತ್ತಿದ್ದ ಗೆಳೆಯನ ಮೇಲೆ ಅವನು ಇಲ್ಲದ ಚಾಡಿ ಹೇಳಿದ್ದ. ಗೆಳೆಯ ಮನನೊಂದು ಊರಿಗೆ ಹೊರಟುಹೋಗಿದ್ದ. ಅಂದಿನಿಂದ ಅರುಳಪ್ಪ ಸ್ವಾಮಿಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಬಂದವನಲ್ಲ. ಚರ್ಚಿನ ಬಲಿಪೂಜೆಯಲ್ಲಿ ಎಲ್ಲರೂ ಪರಮಪ್ರಸಾದದ ರೊಟ್ಟಿ ಪಡೆಯಲು ಸಾಲಾಗಿ ಹೋಗುವಾಗ ಹಿಂದಿನ ಕಂಬದ ಬಳಿ ನಿಂತು ಅವರ ಬೆನ್ನು ನೋಡುತ್ತಿದ್ದ. ಉಪವಾಸ ಮಾಡುತ್ತಿದ್ದ, ಬರಿಯ ನೆಲದ ಮೇಲೆ ಮಲಗುತ್ತಿದ್ದ. ಸ್ವಾಮಿಗಳಿಗೆ ಇದು ತಿಳಿಯದ್ದೇನಲ್ಲ.

"ಕೂತುಕೋ" ಎಂದರು ಸ್ವಾಮಿಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಅವಳು ಮದುವೆಯಾಗಿ ಬರುವಾಗ ತಾಯಿ ಒಂದು ಕುಡಿಕೆಯಲ್ಲಿ ಮನೆಯ ಮೊಸರು ಕೊಟ್ಟು ಕಳಿಸಿದ್ದಳು. ಅದನ್ನೇ ಹೆಂಗಸು ಹಾಲಿಗೆ ಹೆಪ್ಪು ಹಾಕಿದಳು. ಇವತ್ತಿನ ಮೊಸರು ನಾಳೆಯ ಹಾಲಿಗೆ, ನಾಳೆಯದು ನಾಡಿದ್ದಿನ ಹಾಲಿಗೆ, ಹೀಗೆ ಆ ಹೆಪ್ಪು ನಡೆದುಕೊಂಡು ಬಂತು. ತಾಯಿ ತೀರಿಕೊಂಡಳು. ತವರಿನ ಮನೆ ಬೇರೆಯವರ ಪಾಲಾಯಿತು. ತವರು ಎಂದು ಉಳಿದದ್ದು ಆ ಮೊಸರಿನ ರುಚಿಯೊಂದೇ. ಪಕ್ಕದ ಮನೆಗೆ ಹೊಸದಾಗಿ ಸೊಸೆಯಾಗಿ ಬಂದವಳು ಹೆಪ್ಪು ಕೇಳಿದಾಗ ಹೆಂಗಸು ಸಂತೋಷದಿಂದ ಕೊಟ್ಟಳು. ಆಮೇಲೆ ಇಬ್ಬರಿಗೂ ಎಂಥ ಗೆಳೆತನವಾಯಿತೆಂದರೆ, ಬೇಲಿಯ ಬಳಿ ಮಾತಿಗೆ ನಿಂತರೆ ಎರಡು ಮನೆಯ ಸಾರೂ ಸೀದುಹೋಗುತ್ತಿತ್ತು.

ಒಂದು ದಿನ ಹೆಂಗಸಿನ ಹಿತ್ತಾಳೆ ತಂಬಿಗೆ ಕಾಣೆಯಾಯಿತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನಾಲ್ಕು ಜನರ ಮುಂದೆ, ಪಕ್ಕದ ಮನೆಯವಳಲ್ಲದೆ ನಮ್ಮ ಮನೆಯೊಳಗೆ ಇನ್ಯಾರು ಬರುತ್ತಾರೆ ಎಂದುಬಿಟ್ಟಳು. ಮಾತು ಊರೆಲ್ಲ ಸುತ್ತಿತು. ಅಂದಿನಿಂದ ನೆರೆಯವಳನ್ನು ಯಾರೂ ಒಳಗೆ ಕರೆಯಲಿಲ್ಲ. ಮದುವೆಮನೆಗೆ ಅವಳು ಹೋದರೆ ಜನ ಪಾತ್ರೆಗಳ ಮೇಲೆ ಕಣ್ಣಿಡುತ್ತಿದ್ದರು.

ಆಮೇಲೆ ತಂಬಿಗೆ ಹೆಂಗಸಿನ ಹುಲ್ಲಿನ ಮೆದೆಯಲ್ಲೇ ಸಿಕ್ಕಿತು. ದುಡುಕಿ ಆಡಿದ ಮಾತನ್ನು ಆಗಲೇ ಸರಿಪಡಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ನಾಲ್ಕು ಜನರ ಮುಂದೆ ತನ್ನ ಮಾನ ಹೋಗುತ್ತದೆಂದು ತಂಬಿಗೆಯನ್ನು ರಾಗಿಯ ಗುಡಾಣದೊಳಗೆ ಹೂತಿಟ್ಟಳು. ನೆರೆಯವಳ ಮಾನ ಹೋದದ್ದು ಹೋಗಿಯೇ ಇತ್ತು.

ಹೀಗಿರುವಾಗ ಬೆಕ್ಕು ನೆಲುವಿಗೆ ಹಾರಿ ಮೊಸರಿನ ಗಡಿಗೆಯನ್ನು ಕೆಡವಿತು. ಗಡಿಗೆ ಒಡೆಯಲಿಲ್ಲ, ಆದರೆ ಒಂದು ಚಮಚ ಮೊಸರೂ ಉಳಿಯಲಿಲ್ಲ. ತವರಿನ ಹೆಪ್ಪು ಅಲ್ಲಿಗೆ ನಿಂತುಹೋಯಿತು.

ಹೆಂಗಸು ಬೇರೆ ಮನೆಯಿಂದ ಹೆಪ್ಪು ತಂದಳು. ಮೊಸರೇನೋ ಆಯಿತು, ಆದರೆ ಅದು ಯಾರದೋ ಮನೆಯ ಮೊಸರು. ಮೆಣಸಿನಕಾಯಿ ತೊಟ್ಟು ಹಾಕಿದಳು, ಹುಣಿಸೆಹಣ್ಣು ಹಾಕಿದಳು. ಹಾಲು ಒಡೆಯಿತು. ತವರಿನ ಹೆಪ್ಪು ಈಗ ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಬೇಲಿಯಾಚೆ ಮಜ್ಜಿಗೆ ಕಡೆಯುವ ಸದ್ದು ಕೇಳುತ್ತಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು, ಆ ಸದ್ದು ನಿಲ್ಲುವ ತನಕ ಅವಳು ಹಿತ್ತಲಲ್ಲಿ ನಿಂತಿರುತ್ತಿದ್ದಳು. ಅವಳಿಗೆ ತಾಯಿ ಬೇಕೆನ್ನಿಸುತ್ತಿತ್ತು. ನೆರೆಯವಳ ನಗು ಬೇಕೆನ್ನಿಸುತ್ತಿತ್ತು. ಹೋಗಿ ಕೇಳೋಣವೆಂದರೆ ಕಾಲು ಏಳುತ್ತಿರಲಿಲ್ಲ.

ಮೊದಲು ಒಳ್ಳೆಯವಳಾಗುತ್ತೇನೆ, ಆಮೇಲೆ ಹೋಗುತ್ತೇನೆ ಎಂದುಕೊಂಡಳು. ದೇವಾಲಯದ ಅಂಗಳ ಗುಡಿಸಿದಳು. ಹಸಿದು ಬಂದವರಿಗೆ ಉಣ್ಣಲಿಟ್ಟಳು. ಯಾರ ಬಗ್ಗೆಯೂ ಕೆಟ್ಟ ಮಾತಾಡದೆ ಬಾಯಿ ಬಿಗಿಹಿಡಿದಳು. ಸಂಜೆಯಾದರೆ ಬರಿದಾದ ಗಡಿಗೆಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಮಾರನೆಯ ದಿನ ಬಿಸಿಲಿಗಿಟ್ಟು, ಸಂಜೆಗೆ ಮತ್ತೆ ತೊಳೆಯುತ್ತಿದ್ದಳು. ಎಂಥ ಒಳ್ಳೆಯ ಹೆಂಗಸು ಎಂದು ಊರವರು ಹೊಗಳಿದರು. ಹೊಗಳಿದಷ್ಟೂ ಗುಡಾಣದೊಳಗಿನ ತಂಬಿಗೆಯನ್ನು ಹೊರಗೆ ತೆಗೆಯುವುದು ಕಷ್ಟವಾಯಿತು. ನೆರೆಯವಳು ತನ್ನಷ್ಟಕ್ಕೆ ತಾನು ತಲೆ ತಗ್ಗಿಸಿಕೊಂಡು ನೀರಿಗೆ ಹೋಗಿ ಬರುತ್ತಿದ್ದಳು.

ಒಂದು ಸಂಜೆ ಹೆಂಗಸು ಗಡಿಗೆ ತೊಳೆಯುತ್ತಿದ್ದವಳು ಹಾಗೇ ಎದ್ದಳು. ಒಳ್ಳೆಯವಳಾದೆನೆಂದು ಎದ್ದದ್ದಲ್ಲ. ಇನ್ನು ತಡೆದುಕೊಳ್ಳಲು ಆಗಲಿಲ್ಲ, ಅಷ್ಟೇ. ಗುಡಾಣಕ್ಕೆ ಕೈ ಹಾಕಿ ತಂಬಿಗೆ ತೆಗೆದಳು. ಒಂದು ಕೈಯಲ್ಲಿ ಗಡಿಗೆ, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು ನೆರೆಮನೆಯ ಬಾಗಿಲಲ್ಲಿ ಹೋಗಿ ನಿಂತಳು. ಒಳಗೆ ಆಗಷ್ಟೇ ದೀಪ ಹಚ್ಚಿದ್ದರು.

"ತಂಬಿಗೆ ನಮ್ಮ ಮೆದೆಯಲ್ಲೇ ಇತ್ತು ಕಣಮ್ಮ. ಸಿಕ್ಕಿದ ಮೇಲೂ ಬಚ್ಚಿಟ್ಟೆ. ನಿನ್ನ ಬಾಳು ಹಾಳು ಮಾಡಿದೆ" ಎಂದಳು. ಗಡಿಗೆಯನ್ನು ಮುಂದೆ ಚಾಚಿ, "ನಮ್ಮವ್ವನ ಹೆಪ್ಪು ಒಂಚೂರು ಇದ್ದರೆ ಕೊಡು" ಎಂದಳು.

ನೆರೆಯವಳು ತಂಬಿಗೆಯನ್ನೇ ನೋಡಿದಳು.

"ದೀಪ ಹಚ್ಚಿದ ಮೇಲೆ ಹೆಪ್ಪು ಹೊರಕ್ಕೆ ಕೊಡಬಾರದು ಕಣಕ್ಕ" ಎಂದಳು.

ಊರಿನ ಪದ್ಧತಿಯೇ ಹಾಗೆ. ಹೆಂಗಸಿನ ಜೀವ ಹಿಡಿಯಷ್ಟಾಯಿತು. ಅವಳು ತಿರುಗಿ ಮೆಟ್ಟಿಲು ಇಳಿದಳು.

"ಹೊರಕ್ಕೆ ಕೊಡಬಾರದು ಅಂದರೆ ಹೊರಟೇಹೋಗ್ತೀಯಾ? ಒಳಕ್ಕೆ ಬಾ" ಎಂದಳು ನೆರೆಯವಳು. ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದಳು. ತಟ್ಟೆಗೆ ಅನ್ನ ಹಾಕಿ ಮೊಸರು ಬಡಿಸಿದಳು. ಆಮೇಲೆ ಅತ್ತಳು. ಅಳುತ್ತಲೇ ಹೇಳಿದಳು: "ನಿನ್ನ ಮೇಲಿನ ಸಿಟ್ಟಿಗೆ ಇದನ್ನು ಚೆಲ್ಲಿಬಿಡೋಣ ಅಂತ ಎಷ್ಟು ಸಲ ಗಡಿಗೆ ಎತ್ತಿದೆನೋ. ನಿಮ್ಮ ಗಡಿಗೆ ಬಿದ್ದ ಸದ್ದು ಕೇಳಿದ ದಿನದಿಂದ ಚೆಲ್ಲೋಕೆ ಕೈ ಬರಲಿಲ್ಲ. ಬಂದೇ ಬರ್ತೀಯ ಅಂತ ದಿನಾ ಒಂದು ಕುಡಿಕೆ ಎತ್ತಿಟ್ಟೆ. ಉಣ್ಣು. ನಾಳೆ ಒಗೆಯುವ ಕಲ್ಲಿನ ಹತ್ತಿರ ಹೋಗೋಣ. ಅಲ್ಲಿ ಆಡಿದ್ದನ್ನ ಅಲ್ಲೇ ತಿದ್ದಬೇಕು ನೀನು."

ಹೆಂಗಸು ಒಂದು ತುತ್ತು ಬಾಯಿಗಿಟ್ಟಳು. ಅದು ತವರಿನ ಮೊಸರೇ ಆಗಿತ್ತು.

ಮಾರನೆಯ ಬೆಳಿಗ್ಗೆ ಅವಳು ನಾಲ್ಕು ಜನರ ಮುಂದೆ ತಂಬಿಗೆ ಇಟ್ಟು ನಿಜ ಹೇಳಿದಳು. ನೆರೆಯವಳು ಪಕ್ಕದಲ್ಲೇ ನಿಂತಿದ್ದಳು.

ಸ್ವಾಮಿಗಳು ಇಲ್ಲಿಗೆ ನಿಲ್ಲಿಸಿದರು. ಅರುಳಪ್ಪ, "ಹಾಗಾದರೆ ಅವಳು ಗುಡಿಸಿದ್ದು, ಉಣ್ಣಲಿಟ್ಟಿದ್ದು, ಅಷ್ಟು ದಿನ ಗಡಿಗೆ ತೊಳೆದದ್ದು ಎಲ್ಲವೂ ವ್ಯರ್ಥವೇ ಸ್ವಾಮಿ?" ಎಂದು ಕೇಳಿದ.

"ಗಡಿಗೆ ತೊಳೆಯಲೇಬೇಕು ಮಗು. ತೊಳೆದಷ್ಟಕ್ಕೇ ಅದರಲ್ಲಿ ಮೊಸರಾಗುವುದಿಲ್ಲ" ಎಂದರು ಸ್ವಾಮಿಗಳು.

"ಆದರೆ ನಾನಿನ್ನೂ ಸಿದ್ಧನಾಗಿಲ್ಲ, ಸ್ವಾಮಿ."

ಸ್ವಾಮಿಗಳು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನೀನು ಇಲ್ಲಿ ಗಡಿಗೆ ತೊಳೆಯುತ್ತಲೇ ಇದ್ದೀಯ ಅರುಳಪ್ಪ, ಅಲ್ಲಿ ನಿನಗೆಂದು ಎತ್ತಿಟ್ಟ ಕುಡಿಕೆ ದಿನಾ ಹಾಗೇ ಉಳಿಯುತ್ತಿದೆ."